ಪಿನ್ ಕೂತ ಮಾತ್ರಕ್ಕೆ

ಮಂಡಿ ಮೊಹಲ್ಲಾದಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ರಿಪೇರಿ ಮಾಡುವ ಶಿವಶಂಕರನಿಗೆ ಗಿರಾಕಿಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಅವರಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬುದು ಬೇರೆ ಮಾತು. ಒಬ್ಬ ಪಕ್ಕದ ಮನೆಯ ಚಾರ್ಜರನ್ನು ಎರವಲು ತಂದು ಚುಚ್ಚುತ್ತಾನೆ. ಇನ್ನೊಬ್ಬ ಹಳೇ ಸ್ಕೂಟರಿನ ಸೀಸದ ಬ್ಯಾಟರಿಯ ಚಾರ್ಜರನ್ನೇ ಹೊಸ ಲಿಥಿಯಂ ಬ್ಯಾಟರಿಗೆ ಹಾಕಿ, ಏನೋ ಗೆದ್ದವನ ಹಾಗೆ ಹಲ್ಲು ಕಿರಿಯುತ್ತಾನೆ. ಕೇಳಿದರೆ ಎಲ್ಲರದ್ದೂ ಒಂದೇ ರಾಗ: "ಪಿನ್ ಸರಿಯಾಗಿ ಕೂತ್ಕೊಳ್ತು ಸಾರ್."

"ಪಿನ್ ಕೂತ್ಕೊಂಡ್ರೆ ಆಗೋಯ್ತೇನ್ರೀ? ಪಕ್ಕದ್ಮನೆಯವ್ರ ಚಪ್ಲಿ ನಿಮ್ ಕಾಲಿಗೆ ಆದ್ರೆ ಅದು ನಿಮ್ದಾಗ್ಬುಡ್ತಾ? ಬ್ಯಾಟರಿ ಎಷ್ಟು ವೋಲ್ಟು, ಚಾರ್ಜರ್ ಎಷ್ಟು ವೋಲ್ಟಿನ ಬ್ಯಾಟರಿಗೆ, ಎರಡ್ರ ಮೇಲೂ ಬರ್ದಿರುತ್ತೆ. ಓದಕ್ ಬರಲ್ವಾ?"

ಇದನ್ನು ಅವನು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. ಪಕ್ಕದ ಮೆಣಸಿನಕಾಯಿ ಅಂಗಡಿಯವರು ನಗುತ್ತಿದ್ದರು. ಅವರು ನಕ್ಕಷ್ಟೂ ಇವನಿಗೆ ಹುರುಪು.

ಆ ವರ್ಷ ಆಯುಧಪೂಜೆಗೆ ಅಂಗಡಿಯಲ್ಲಿದ್ದ ಮೀಟರು, ಸ್ಕ್ರೂಡ್ರೈವರು, ರಿಪೇರಿ ಮುಗಿದು ಕೂತಿದ್ದ ಚಾರ್ಜರುಗಳು ಎಲ್ಲಕ್ಕೂ ವಿಭೂತಿ ಬಳಿದು, ನಟ್ಟನಡುವೆ ಕುಂಕುಮ ಇಟ್ಟ. ಚಾರ್ಜರಿನ ನಟ್ಟನಡುವೆ ಇರುವುದೇ ಅದರ ಲೇಬಲ್ಲು. ಅಂಕಿಗಳೆಲ್ಲ ವಿಭೂತಿಯ ಅಡಿಗೆ ಹೋದವು. ಅದರಲ್ಲಿ ಅವನಿಗೇನೂ ತೊಂದರೆ ಕಾಣಲಿಲ್ಲ. ಓದುವುದು ಗಿರಾಕಿಗಳ ಕೆಲಸ. ಯಾವುದು ಯಾರದ್ದೆಂದು ತಿಳಿಯಲು ಅವನಂಥವನಿಗೆ ಒಂದು ಸಲ ಕೈಯಲ್ಲಿ ಹಿಡಿದರೆ ಸಾಕಾಗುತ್ತಿತ್ತಂತೆ!

ಹಬ್ಬ ಮುಗಿದ ಮೂರನೇ ದಿನ ಬೆಳಿಗ್ಗೆ ಅಶೋಕಪುರಂನ ಮಂಚಮ್ಮ ತನ್ನ ಚಾರ್ಜರ್ ತೆಗೆದುಕೊಂಡು ಹೋಗಲು ಬಂದಳು. ಮನೆಯಲ್ಲಿ ಅಡುಗೆ ಮಾಡಿ, ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡಿರುವ ಹುಡುಗರಿಗೆ ಸ್ಕೂಟರಿನಲ್ಲಿ ಊಟ ತಲುಪಿಸುವವಳು. ಬ್ಯಾಟರಿ ಕಳಚಿ ಮನೆಯೊಳಗೇ ಚಾರ್ಜಿಗೆ ಹಾಕುತ್ತಿದ್ದಳು. ಪ್ಲಗ್ ಇದ್ದದ್ದು ಮಾವ ಚಿಕ್ಕಮಾದಯ್ಯನವರ ಮಂಚದ ತಲೆದೆಸೆಯಲ್ಲಿ. ಅವರು ಸೊಂಟ ಮುರಿದುಕೊಂಡು ಮಲಗಿದವರು, ಏನಾದರೂ ಆದರೆ ಎದ್ದು ಬಾಗಿಲಿಗೆ ಬರಲಾರರು. ರಿಪೇರಿಗೆ ಕೊಡುವಾಗಲೇ ಅವಳು ಇದನ್ನೆಲ್ಲ ಹೇಳಿ, "ನೋಡಿ ಮಾಡ್ಕೊಡಣ್ಣ" ಅಂದಿದ್ದಳು.

ಶಿವಶಂಕರ ಒಂದು ಚಾರ್ಜರ್ ತೆಗೆದುಕೊಟ್ಟ. ಮಂಚಮ್ಮ ಅದನ್ನು ಅಂಗೈಯಲ್ಲಿ ಎತ್ತಿ ನೋಡಿದಳು.

"ಅಣ್ಣಾ, ಇದು ನಮ್ದೇನಾ? ನಮ್ದು ಇನ್ನೊಂಚೂರು ಹಗುರಾಗಿತ್ತು."

"ತೂಕ ಹಾಕಿ ತಗೊಳಕ್ಕೆ ಇದೇನ್ ಬದ್ನೆಕಾಯೇನಮ್ಮಾ? ನೀನು ನಿನ್ ಅನ್ನ ಸಾರು ನೋಡ್ಕೊ, ಹೋಗು. ಚಾರ್ಜರ್ ವಿಷ್ಯ ನಂಗ್ ಬುಡು."

ಮೆಣಸಿನಕಾಯಿ ಅಂಗಡಿಯವರು ಜೋರಾಗಿ ನಕ್ಕರು. ಮಂಚಮ್ಮ ಚಾರ್ಜರನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಮಧ್ಯಾಹ್ನ ಎರಡೂವರೆಗೆ ಟ್ಯುಟೋರಿಯಲ್ ಮೇಷ್ಟ್ರು ವಿಜಯ್‌ಕುಮಾರ್ ಬಂದರು. ಅವರೂ ಬೆಳಿಗ್ಗೆಯೇ ಚಾರ್ಜರ್ ತೆಗೆದುಕೊಂಡು ಹೋಗಿದ್ದವರು. ಹಸಿರು ದೀಪ ಉರಿಯುತ್ತದೆ, ಬ್ಯಾಟರಿ ಮಾತ್ರ ಏರುತ್ತಿಲ್ಲ ಅಂದರು.

"ಪಾಠ ಹೇಳೋರು ನೀವೇ ಓದ್ದಿದ್ರೆ ಎಂಗೆ ಸಾರ್?" ಅನ್ನುತ್ತ ಶಿವಶಂಕರ, ಲೇಬಲ್ಲು ತೋರಿಸಿ ಅವರ ಮಾನ ಕಳೆಯೋಣವೆಂದು ಹೆಬ್ಬೆರಳಿನಿಂದ ವಿಭೂತಿ ಒರೆಸಿದ. ನಲವತ್ತೆಂಟು ವೋಲ್ಟ್. ಮೇಷ್ಟ್ರ ಬ್ಯಾಟರಿ ಅರವತ್ತರದ್ದು. ನಲವತ್ತೆಂಟರದ್ದು ಮಂಚಮ್ಮನದು.

ಎರಡೂ ಅದಲುಬದಲಾಗಿದ್ದವು. ಮೇಷ್ಟ್ರಿಗೆ ಬ್ಯಾಟರಿ ಏರಲಿಲ್ಲ, ಅಷ್ಟೇ. ಆದರೆ ಅರವತ್ತರ ಚಾರ್ಜರನ್ನು ನಲವತ್ತೆಂಟರ ಬ್ಯಾಟರಿಗೆ ಹಾಕಿದರೆ ಅದು ತುಂಬಿದ ಮೇಲೂ ತುಂಬುತ್ತಲೇ ಇರುತ್ತದೆ. ಬ್ಯಾಟರಿಯೊಳಗೆ ಕಾವಲಿಗಿರುವ ಸರ್ಕ್ಯೂಟ್ ಬೋರ್ಡು ತಡೆದರೆ ಪುಣ್ಯ, ತಡೆಯದಿದ್ದರೆ ಬೆಂಕಿ. ಮಂಚಮ್ಮ ಊಟ ಕೊಟ್ಟು ಬಂದು ಚಾರ್ಜಿಗೆ ಹಾಕುವ ಹೊತ್ತು ಅದೇ. ಮೂರು ಸಲ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಮೇಷ್ಟ್ರನ್ನು ಅಂಗಡಿಯಲ್ಲೇ ಬಿಟ್ಟು, ರಸೀದಿ ಪುಸ್ತಕದಲ್ಲಿ ಅವಳ ವಿಳಾಸ ನೋಡಿಕೊಂಡು, ಅವಳ ಚಾರ್ಜರ್ ಹಿಡಿದು ಬೈಕ್ ಹತ್ತಿದ.

ಅವನು ಹೆದರಿದ್ದದ್ದು ನಿಜ. ಆದರೂ ಮನುಷ್ಯನ ಜಂಬ ನೋಡಿ, ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ಏನು ಸುಳ್ಳು ಹೇಳಬೇಕೆಂದು ಹೊಸೆಯುತ್ತಿದ್ದ.

ಬಾಗಿಲು ತೆರೆದಿತ್ತು. ಚಿಕ್ಕಮಾದಯ್ಯ ಮಂಚದ ಮೇಲೆ ನಿದ್ದೆಯಲ್ಲಿದ್ದರು. ಬ್ಯಾಟರಿ ನೆಲದ ಮೇಲಿತ್ತು, ಚಾರ್ಜರ್ ಪಕ್ಕದಲ್ಲಿತ್ತು. ಎರಡಕ್ಕೂ ವೈರು ಸೇರಿಸಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮಂಚಮ್ಮ ಈಚೆ ಬಂದಳು. ಶಿವಶಂಕರನಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆಗೆ ಸುಳ್ಳೂ ಬಂತು.

"ಆತುರದಲ್ಲಿ ಒಂದ್ ಸ್ಕ್ರೂ ಲೂಸ್ ಬಿಟ್ಬುಟ್ಟಿದ್ದೆ ಕಣಮ್ಮ. ಅದಕ್ಕೇ ಇನ್ನೊಂದು ತಂದೆ."

ಮಂಚಮ್ಮ ನೆಲದ ಮೇಲಿದ್ದ ಚಾರ್ಜರನ್ನು ಎತ್ತಿ ಅವನ ಕಡೆ ತಿರುಗಿಸಿದಳು. ಲೇಬಲ್ಲನ್ನು ಒದ್ದೆ ಬಟ್ಟೆಯಲ್ಲಿ ನೀಟಾಗಿ ಒರೆಸಿದ್ದಳು.

"ಇದ್ರಲ್ಲಿ ಅರವತ್ತು ಅಂತೈತೆ. ನಮ್ ಬ್ಯಾಟರಿ ನಲವತ್ತೆಂಟು."

"ಗೊತ್ತಾದ್ಮೇಲೆ ಒಂದ್ ಫೋನ್ ಮಾಡ್ಬಾರ್ದಾಗಿತ್ತಾ?" ಆಗಲೂ ಅವನಿಗೆ ಅವಳ ಮೇಲೇ ಏನಾದರೂ ಹೊರಿಸುವ ಆಸೆ.

"ಬೆಳಿಗ್ಗೆ ಕೇಳ್ದೆ ಅಲ್ವಾ" ಅಂದಳು ಮಂಚಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಶಿವಶಂಕರನಿಗೆ ನಾಚಿಕೆಯಾಯಿತು.

"ಯಾರಮ್ಮ ಅದು?" ಮಾತಿನ ಸದ್ದಿಗೆ ಎಚ್ಚರಗೊಂಡ ಚಿಕ್ಕಮಾದಯ್ಯ ಕೇಳಿದರು.

"ಚಾರ್ಜರ್ ಅಂಗ್ಡಿಯೋರು ಮಾವ."

"ಮನೇಗಂಟ ತಂದ್ಕೊಟ್ರಾ! ಈಗಿನ ಕಾಲ್ದಲ್ಲಿ ಯಾರ್ ಮಾಡ್ತಾರಪ್ಪ ಇಂಗೆ? ಅವ್ರಿಗೆ ಕಾಪಿ ಕೊಡಮ್ಮ."

ಮಂಚಮ್ಮ ಅಡುಗೆಮನೆಗೆ ಹೋಗಲಿಲ್ಲ. ಶಿವಶಂಕರನನ್ನೇ ನೋಡುತ್ತ ನಿಂತಳು. ಅವಳೇ ಹೇಳಿಬಿಟ್ಟಿದ್ದರೆ ಸಾಕಿತ್ತು ಅವನಿಗೆ.

"ಇಲ್ಲ ಅಜ್ಜ," ಅಂದ ಕೊನೆಗೆ. "ನಾನು ತಪ್ಪು ಚಾರ್ಜರ್ ಕೊಟ್ಟಿದ್ದೆ. ಹಾಕಿದ್ರೆ ಬೆಂಕಿ ಹತ್ಕೊಳ್ಬೋದಿತ್ತು. ಇವ್ರು ಬೆಳಿಗ್ಗೇನೇ ಕೇಳಿದ್ರು. ನಾನೇ ಗೇಲಿ ಮಾಡಿ ಕಳಿಸ್ಬುಟ್ಟೆ."

ಚಿಕ್ಕಮಾದಯ್ಯ ದಿಂಬಿನ ಮೇಲೆ ತಲೆ ಹೊರಳಿಸಿ ತಮ್ಮ ತಲೆದೆಸೆಯ ಪ್ಲಗ್ಗನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಅವ್ಳು ಕೇಳಿದ್ಮೇಲೂನಾ?"

"ಹೂಂ" ಅಂದ ಶಿವಶಂಕರ.