ಒಂದು ಮಿನಾ ಅಂದರೆ ಎಷ್ಟು ಗ್ರಾಂ

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಿಗೆ ವಿವರದ ಚೀಟಿ ಬರೆಯುವ ಹೆಂಗಸನ್ನು ಎಲ್ಲರೂ ಚೀಟಿಯಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ಚೀಟಿಗಳಲ್ಲಿ ತಪ್ಪು ಹುಡುಕಿದವರಿರಲಿಲ್ಲ. ನಿಜ ಹೇಳಬೇಕೆಂದರೆ ಓದಿದವರೂ ಕಡಿಮೆಯೇ.

ಆ ಸಲ ಪ್ರಾಚೀನ ಗ್ರೀಕರ ಸೀಸದ ತೂಕದ ಬಟ್ಟೊಂದು ಬಂತು. ಅಂಗೈಯಗಲದ ಚೌಕ, ಮೇಲೆ ಒಂದು ಆಮೆಯ ಚಿತ್ರ, ಪಕ್ಕದಲ್ಲಿ 'ಮಿನಾ' ಎಂಬ ಬರಹ. ನಿರ್ದೇಶಕರು ಹಳೆಯ ತೂಕಗಳ ಕೋಷ್ಟಕ ನೋಡಿ, "ಒಂದು ಮಿನಾ ಅಂದ್ರೆ ನಾನೂರ ಮೂವತ್ತಾರು ಗ್ರಾಂ. ಹಾಗೇ ಬರೀರಿ" ಎಂದರು. ಆಕೆ ಬರೆದಳು. ಹೊಸ ಕೋಣೆಯ ಉದ್ಘಾಟನೆಗೆ ಇಲಾಖೆಯ ಹಿರಿಯ ಅಧಿಕಾರಿ ಮೇಡಂ ಬರುವವರಿದ್ದರು. ಅವರ ಕಣ್ಣೆದುರೇ ತೂಗಿ ತೋರಿಸಬೇಕೆಂದು ನಿರ್ದೇಶಕರು ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದರು.

ಬಟ್ಟನ್ನು ಇಟ್ಟರೆ ತಕ್ಕಡಿ ಆರುನೂರ ಇಪ್ಪತ್ತಮೂರು ತೋರಿಸಿತು.

ಚೀಟಿಯಕ್ಕನ ಅಕ್ಕನ ಗಂಡ ತಕ್ಕಡಿ ರಿಪೇರಿ ಮಾಡುವವನು. ಅವನನ್ನು ಕರೆಸಿದರು. ಅವನು ಕಿಲೋ ಬಟ್ಟು, ಅರ್ಧ ಕಿಲೋ ಬಟ್ಟು ಎಲ್ಲ ಇಟ್ಟು ನೋಡಿ, "ತಕ್ಕಡಿ ಸರಿಯಾಗೇ ಇದೆ ಸಾರ್" ಎಂದ.

"ಹಾಗಾದ್ರೆ ಕೋಷ್ಟಕ ತಪ್ಪಾ?"

ಅಷ್ಟರಲ್ಲಿ ಚೀಟಿಯಕ್ಕ ಪುಸ್ತಕ ತಿರುವಿ ಹಾಕಿದ್ದಳು. "ಕೋಷ್ಟಕವೂ ಸರಿ ಸರ್, ಆದ್ರೆ ಅದು ಅಥೆನ್ಸಿನದು. ಆಮೆ ಈಜೀನಾ ದ್ವೀಪದವರ ಗುರುತು. ಅವರ ಮಿನಾ ಇನ್ನೂ ಭಾರ. ಊರಿಗೊಂದು ಮಿನಾ ಇತ್ತು."

"ಒಂದೇ ಹೆಸರಿಗೆ ಎರಡು ತೂಕ ಇದ್ರೆ ಜನಕ್ಕೆ ಗೊಂದಲ ಆಗಲ್ವೇನಮ್ಮ?" ಎಂದರು ನಿರ್ದೇಶಕರು. ಆ ಗೊಂದಲ ಎರಡು ಸಾವಿರ ವರ್ಷ ಹಳೆಯದು ಎನ್ನುವ ಮಾತು ಆಕೆಯ ನಾಲಿಗೆ ತುದಿಗೆ ಬಂದು ಹಿಂದೆ ಹೋಯಿತು.

ತಾವೇ ಅಧ್ಯಕ್ಷರಾಗಿ ನಿರ್ದೇಶಕರು ಮೂವರ ಸಮಿತಿ ಮಾಡಿದರು. ಸಮಿತಿ ಎರಡು ಸಲ ಸೇರಿ, ಯಾರ ಮನಸ್ಸಿಗೂ ನೋವಾಗದ ಹಾಗೆ ಎರಡೂ ಅಂಕಿಗಳ ಸರಾಸರಿ ತೆಗೆಯಿತು: ಐನೂರ ಇಪ್ಪತ್ತೊಂಬತ್ತೂವರೆ ಗ್ರಾಂ. ಚೀಟಿ ಬದಲಾಯಿತು. ತಕ್ಕಡಿಯೂ ಅಷ್ಟೇ ತೋರಿಸುವಂತೆ ತಿದ್ದಲು ಅಪ್ಪಣೆಯಾಯಿತು.

"ನನ್ನಿಂದಾಗಲ್ಲ" ಎಂದ ರಿಪೇರಿಯವನು. "ಬೇಕೇ ಬೇಕು ಅಂದ್ರೆ ಬರೆದುಕೊಡಿ."

ನಿರ್ದೇಶಕರು ಸೀಲು ಒತ್ತಿ, ಸಹಿ ಹಾಕಿ ಬರೆದುಕೊಟ್ಟರು. ಅವನು ಕಾಗದವನ್ನು ಜೇಬಿಗೆ ಸೇರಿಸಿ, ತಕ್ಕಡಿ ತಿದ್ದಿದ.

ಉದ್ಘಾಟನೆಯ ಬೆಳಿಗ್ಗೆ ಎಲ್ಲ ಸಲೀಸಾಗಿ ನಡೆಯಿತು. ತಕ್ಕಡಿಯ ಪಕ್ಕ ರಿಪೇರಿಯವನನ್ನೂ ನಿಲ್ಲಿಸಿದ್ದರು. ಬಟ್ಟು ಚೀಟಿಯಲ್ಲಿದ್ದಷ್ಟೇ ತೂಗಿತು, ಮೇಡಂ ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಉತ್ಸಾಹ ತಡೆಯಲಾರದೆ ನಿರ್ದೇಶಕರು, "ಒಂದು ಕಿಲೋಗೆ ಎಷ್ಟು ಮಿನಾ ಅಂತ ತೋರಿಸ್ತೀನಿ ಮೇಡಂ" ಎಂದು ಅಡುಗೆಕೋಣೆಯಿಂದ ಒಡೆಯದ ಒಂದು ಕಿಲೋ ಸಕ್ಕರೆ ಪೊಟ್ಟಣ ತರಿಸಿದರು. ತಕ್ಕಡಿ ಎಂಟುನೂರ ಐವತ್ತಕ್ಕೆ ನಿಂತಿತು.

"ನಿಮ್ಮ ಸಕ್ಕರೆ ಎಲ್ಲಿ ಹೋಗ್ತಿದೆ?" ಎಂದು ಕೇಳಿದರು ಮೇಡಂ.

ನಿರ್ದೇಶಕರು ಕ್ಷಣವೂ ತಡೆಯಲಿಲ್ಲ. ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಚಹದಮ್ಮನ ಕಡೆ ತಿರುಗಿ, "ಇವತ್ತೇ ವಿಚಾರಣೆ ಇಡ್ತೀನಿ" ಎಂದರು. ಹದಿನೈದು ವರ್ಷದಿಂದ ಆ ಕಟ್ಟಡಕ್ಕೆ ಚಹ ಕೊಡುತ್ತಿದ್ದ ಹೆಂಗಸು. "ಪೊಟ್ಟಣ ಒಡೆದೇ ಇಲ್ವಲ್ಲಪ್ಪ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಸರಾಸರಿಯ ಚೀಟಿ ಬರೆದದ್ದು ಚೀಟಿಯಕ್ಕನದೇ ಕೈ. ಅವಳು ಮುಂದೆ ಬಂದಳು. "ಮೇಡಂ, ಸಕ್ಕರೆ ಸರಿಯಾಗಿದೆ. ತಕ್ಕಡಿಯನ್ನೇ ತಿದ್ದಿದ್ದಾರೆ. ಭಾವ, ಆ ಕಾಗದ ಕೊಡಿ."

ಮೇಡಂ ಎರಡು ಸಲ ಓದಿದರು. ಬಟ್ಟಿನ ಕಥೆ ಕೇಳಿದರು. ರಿಪೇರಿಯವನು ಅಲ್ಲೇ ನಿಂತು ತಕ್ಕಡಿ ಸರಿಮಾಡಿದ. ಸಕ್ಕರೆ ಒಂದು ಕಿಲೋ ಆಯಿತು, ಬಟ್ಟು ಮತ್ತೆ ಆರುನೂರ ಇಪ್ಪತ್ತಮೂರು.

"ನಾನೂ ಮೊದಲಿಂದ ಇದನ್ನೇ ಹೇಳ್ತಿದ್ದೆ ಮೇಡಂ" ಎಂದರು ನಿರ್ದೇಶಕರು.

ಸರಿಯಾದ ಚೀಟಿ ಅಂದೇ ಪೆಟ್ಟಿಗೆಯೊಳಗೆ ಹೋಯಿತು. ಆದರೆ ಬಾಯಿಂದ ಬಿದ್ದ ವಿಚಾರಣೆಯ ಮಾತು ಕಡತ ಸೇರಿಬಿಟ್ಟಿತ್ತು, ಮತ್ತು ಕಡತವನ್ನು ಮುಗಿಸದೆ ಮುಚ್ಚುವ ನಿಯಮವಿರಲಿಲ್ಲ. ಅದೇ ಮೂವರ ಸಮಿತಿ ಮೂರು ತಿಂಗಳು ಕೂತಿತು. ಸಕ್ಕರೆ ಕದ್ದಿಲ್ಲ ಎಂದು ಕೊನೆಗೆ ವರದಿ ಬಂತು. ಸಾಕ್ಷಿಗಾಗಿ ಇಟ್ಟಿದ್ದ ಪೊಟ್ಟಣ ಮಾತ್ರ ಸಭೆಗಳ ಚಹಕ್ಕೇ ಖಾಲಿಯಾಗಿತ್ತು. ಚೀಟಿಯಕ್ಕನನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಚೀಟಿ ಅಂಟಿಸಲು ಗಾಜಿನ ಪೆಟ್ಟಿಗೆಗಳೇ ಇರಲಿಲ್ಲ.

ಚಹದಮ್ಮ ವರದಿಗೆ ಕಾಯಲಿಲ್ಲ. ಮೊದಲ ತಿಂಗಳಲ್ಲೇ ಎದುರಿನ ಅಂಚೆ ಕಚೇರಿಯ ಕ್ಯಾಂಟೀನು ಸೇರಿದಳು. ಈಗ ದಿನಾ ಹನ್ನೊಂದು ಗಂಟೆಗೆ ಚೀಟಿಯಕ್ಕ ರಸ್ತೆ ದಾಟಿ ಅಲ್ಲಿಗೆ ಹೋಗುತ್ತಾಳೆ. ಒಳಗೆ ಬರುವಷ್ಟರಲ್ಲಿ ಚಹದಮ್ಮ ಅವಳಿಗೊಂದು ಕುರ್ಚಿ ಎಳೆದಿಟ್ಟಿರುತ್ತಾಳೆ.