ದರೋಜಿಯಲ್ಲೊಂದು, ಕಂಪ್ಲಿಯಲ್ಲೊಂದು, ಕಡ್ಡಿರಾಂಪುರದಲ್ಲೊಂದು

ಜಂಬಕ್ಕ ಗುಳಿಗೆ ಪಟ್ಟಿಗಳನ್ನು ಹೊನ್ನೂರಮ್ಮನ ಕೈಗೆ ಕೊಡಲಿಲ್ಲ. ತಮ್ಮಿಬ್ಬರ ನಡುವೆ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದಳು. ನಾಲ್ಕು ಪಟ್ಟಿ, ಒಂದೊಂದರಲ್ಲಿ ಕಬ್ಬಿಣಾಂಶದ ಹತ್ತು ಕೆಂಪು ಗುಳಿಗೆ. ಒಂದೂ ಒಡೆದಿರಲಿಲ್ಲ.

"ನಿನ್ನ ಸಾಮಾನು ನೀನ ತಗೊಂಡು ಹೋಗು. ನನ್ನ ಸೊಸಿಗೆ ಬ್ಯಾಡ."

ಹೊನ್ನೂರಮ್ಮ ಚೋರನೂರಿನಲ್ಲಿ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಜಂಬಕ್ಕನ ಸೊಸೆ ರಮಾಗೆ ಆರು ತಿಂಗಳು. ಆಕೆಯ ‘ತಾಯಿ ಕಾರ್ಡ್’ನಲ್ಲಿ ರಕ್ತದ ಅಂಶ ಏಳು ಪಾಯಿಂಟ್ ನಾಲ್ಕು ಎಂದು ಬರೆದು ಡಾಕ್ಟರು ಕೆಳಗೆ ಎರಡು ಗೆರೆ ಎಳೆದಿದ್ದರು. ಇರಬೇಕಾದದ್ದು ಹನ್ನೊಂದು. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋದರೆ ಈ ಮೈ ತಡೆಯುವುದಿಲ್ಲ, ದಿನಕ್ಕೆ ಎರಡು ಗುಳಿಗೆ ತಪ್ಪಿಸಬೇಡಿ ಎಂದಿದ್ದರು. ಇಪ್ಪತ್ತು ದಿನವಾಗಿತ್ತು.

"ಯಾಕಕ್ಕಾ, ಏನಾತು?"

"ಗೊತ್ತಿಲ್ಲದೋರ ಹಂಗ ಕೇಳಬ್ಯಾಡ. ದರೋಜಿಯಾಗ ಒಂದು, ಕಂಪ್ಲಿಯಾಗ ಒಂದು, ಕಡ್ಡಿರಾಂಪುರದಾಗ ಒಂದು. ಒಂದ ತಿಂಗಳಾಗ ಮೂರು ಕೂಸು. ಮೂರಕ್ಕೂ ತುಟಿ ಸೀಳಿ ಮೂಗಿನ ತನಕ ಹೋಗೇತಿ. ಕಂಪ್ಲಿದ್ದನ್ನ ಅಲ್ಲೇ ಇರೋ ನಮ್ಮ ವಿರುಪಮ್ಮ ಕಣ್ಣಾರೆ ನೋಡ್ಯಾಳ. ಈ ಸಲದ ಗುಳಿಗಿ ಸರಿ ಇಲ್ಲಂತ."

"ಹೊಟ್ಟ್ಯಾಗ ಕೂಸಿನ ತುಟಿ ಕೂಡೋದು ಎರಡನೇ ತಿಂಗಳಾಗ, ಅಕ್ಕಾ. ಈ ಕೆಂಪು ಗುಳಿಗಿ ಕೊಡೋದು ಮೂರು ತಿಂಗಳು ಮುಗಿದ ಮ್ಯಾಲೆ."

"ಅದೆಲ್ಲ ನಿನ್ನ ಟ್ರೈನಿಂಗ್ ಪುಸ್ತಕದಾಗ. ಪುಸ್ತಕ ಏನು ಬಸಿರಾಗತೈತೇನು?"

ಬಾಗಿಲ ಹಿಂದೆ ನಿಂತಿದ್ದ ರಮಾ ನಗಲಿಲ್ಲ. ಅವಳ ಕಣ್ಣಿನ ಕೆಳಗಿನ ಚರ್ಮ ಕಾಗದದಂತೆ ಬೆಳ್ಳಗಿತ್ತು.

ಆ ದಿನ ಇನ್ನೂ ಎರಡು ಮನೆಯಲ್ಲಿ ಇದೇ ಮಾತು. ಹೊನ್ನೂರಮ್ಮ ಮನೆಗೆ ಬಂದು ಮೊದಲು ಮಾಡಿದ್ದು ಪಟ್ಟಿಯ ಹಿಂದಿನ ಬ್ಯಾಚ್ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ತನಗೂ ಅನುಮಾನ ಬಂದಿದೆಯೆಂದು ಅವಳಿಗೆ ಆಗ ತಿಳಿಯಿತು. ಹಳೆಯ ರಿಜಿಸ್ಟರುಗಳನ್ನೆಲ್ಲ ಕೂಡಿಸಿದಳು. ಹನ್ನೊಂದು ವರ್ಷದಲ್ಲಿ ನಾನೂರ ಹನ್ನೆರಡು ಹೆರಿಗೆ, ಸೀಳುತುಟಿ ಒಂದೂ ಇಲ್ಲ.

ಡಾಕ್ಟರಿಗೆ ಫೋನ್ ಮಾಡಿದಳು. ಸುಮಾರು ಏಳುನೂರು ಎಂಟುನೂರು ಹೆರಿಗೆಗೆ ಒಂದು, ಎಂದರು ಅವರು. ನಾನೂರರಲ್ಲಿ ಒಂದೂ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ತಾಲ್ಲೂಕಿನಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರ ಹೆರಿಗೆಯಾದರೆ ಐದಾರು ಮಕ್ಕಳು ಹೀಗೆ ಹುಟ್ಟುತ್ತವೆ, ಅದಕ್ಕೂ ಆಶ್ಚರ್ಯವಿಲ್ಲ.

"ಒಂದೇ ತಿಂಗಳಿಗೆ ಮೂರು ಊರಲ್ಲಿ ಮೂರು, ಸರ್?"

"ಆಗಬಾರದು ಅಂತಿಲ್ಲ. ಆದರೆ ಮೊದಲು ಮೂರು ಇದಾವೋ ಇಲ್ಲೋ ನೋಡಮ್ಮ."

ಮೂರೂ ಊರಿನ ಆಶಾಗಳ ನಂಬರು ಅವಳಲ್ಲಿದ್ದವು. ದರೋಜಿಯವಳು ಹೇಳಿದಳು: ಹೌದು, ಹೆಣ್ಣುಕೂಸು. ಹತ್ತು ದಿನ ಇತ್ತು, ಆಮೇಲೆ ಎಲ್ಲಿಗೋ ಒಯ್ದರು. ಕೇಳಿದರೆ ಅಜ್ಜ ಮಾರೆಪ್ಪ ಬಾಗಿಲು ಹಾಕಿದ. ಕಂಪ್ಲಿಯವಳು: ಹೌದು, ಹೆಣ್ಣು. ಐದೇ ದಿನ ಕಂಡಿತು, ಈಗ ಮನೆಯಲ್ಲಿಲ್ಲ. ಕಡ್ಡಿರಾಂಪುರದವಳು: ಐತಿ ಅಂತಾರೆ, ನನ್ನನ್ನ ಒಳಗ ಬಿಡವಲ್ಲರು.

ಹೆಣ್ಣು, ಹೆಣ್ಣು. ಎರಡು ಕೂಸು ಕಾಣೆಯಾಗಿವೆ, ಮೂರನೆಯದನ್ನು ಯಾರೂ ಕಂಡಿಲ್ಲ. ಹೊನ್ನೂರಮ್ಮನ ಎದೆಯಲ್ಲಿ ಗುಳಿಗೆಗಿಂತ ಕೆಟ್ಟ ಅನುಮಾನವೊಂದು ಕೂತಿತು. ಮರುದಿನ ಬೆಳಗಿನ ಬಸ್ಸಿಗೆ ಕಡ್ಡಿರಾಂಪುರಕ್ಕೆ ಹೊರಟಳು.

ದಾರಿಯಲ್ಲಿ ದರೋಜಿಯವಳು ತನ್ನ ರಿಜಿಸ್ಟರಿನ ಫೋಟೊ ಕಳಿಸಿದಳು. ಹುಟ್ಟಿದ್ದು ಜೂನ್ ಒಂಬತ್ತು, ತೂಕ ಎರಡು ಕಿಲೊ ಆರುನೂರು. ಅರ್ಧ ಗಂಟೆಗೆ ಕಂಪ್ಲಿಯದೂ ಬಂತು. ಜೂನ್ ಒಂಬತ್ತು, ಎರಡು ಕಿಲೊ ಆರುನೂರು. ಹೊನ್ನೂರಮ್ಮ ಎರಡು ಫೋಟೊಗಳನ್ನೂ ಮತ್ತೆ ಮತ್ತೆ ತೆರೆದು ನೋಡಿದಳು. ತಾಯಿಯ ಹೆಸರಿನ ಸಾಲಿನಲ್ಲಿ ಎರಡರಲ್ಲೂ ಗಂಗಾ ಎಂದಿತ್ತು. ಗಂಡನ ಹೆಸರಿನ ಜಾಗ ಒಂದರಲ್ಲಿ ಖಾಲಿ, ಇನ್ನೊಂದರಲ್ಲಿ ಪಂಪೇಶ್.

ಕಡ್ಡಿರಾಂಪುರದ ಆ ಮನೆ ರಸ್ತೆ ಬದಿಯ ಖಾನಾವಳಿಯ ಹಿಂದಿತ್ತು. ಹಂಪಿಗೆ ಹೋಗುವ ಗಾಡಿಗಳು ಮುಂದೆ ನಿಂತಿದ್ದವು. ಖಾನಾವಳಿಯ ಭೀಮವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಯಾವ ಪೇಪರು?"

"ಪೇಪರಲ್ರಿ. ನಾನು ಚೋರನೂರು ಆಶಾ."

"ಚೋರನೂರಿಗೂ ನಮ್ಮ ಕೂಸಿಗೂ ಏನು ಸಂಬಂಧ? ಫೋನ್ ಇಲ್ಲೇ ಇಡು. ಫೋಟೊ ತೆಗೆದಿ ಅಂದ್ರ ಕೈ ಮುರೀತೀನಿ."

ಹೊನ್ನೂರಮ್ಮ ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟು ಒಳಗೆ ಹೋದಳು.

ಕೂಸು ಬದುಕಿತ್ತು. ಗಂಗಾ ಅದನ್ನು ನೆಟ್ಟಗೆ ಕೂರಿಸಿಕೊಂಡು, ಹಿಂಡಿದ ಹಾಲನ್ನು ಚಮಚದಲ್ಲಿ ತುಟಿಯ ಬಲಗಡೆಯಿಂದ ಹನಿಹನಿಯಾಗಿ ಬಿಡುತ್ತಿದ್ದಳು. ಎಡಗಡೆ ಮೇಲ್ತುಟಿ ಮೂಗಿನವರೆಗೆ ತೆರೆದಿತ್ತು. ಕೂಸಿನ ಕಣ್ಣು ಮಾತ್ರ ಚಮಚದ ಮೇಲೇ ಇತ್ತು.

"ತವರಿಗೆ ಹೋಗಿದ್ದಿ ಬಾಣಂತನಕ್ಕ, ದರೋಜಿಗೆ," ಎಂದಳು ಹೊನ್ನೂರಮ್ಮ.

"ಚೊಚ್ಚಲ ಅಲ್ಲೇನ್ರಿ. ಹೋಗಬೇಕಲ್ಲ." ಗಂಗಾ ಚಮಚ ಕೆಳಗಿಟ್ಟಳು. "ನೋಡಾಕ ಬಂದೋರು ಹೋಗಲಾರದಂಗ ಆದರು. ಅಪ್ಪ ಗಂಡನ ಮನಿಗೆ ಕಂಪ್ಲಿಗೆ ಬಿಟ್ಟ. ಗ್ರಹಣದಾಗ ಈಳಿಗಿ ಹಿಡಿದಿದ್ದಿ ಅಂತ ಅತ್ತಿ ದಿನಾ ಅಂದರು. ಬಾಗಿಲಾಗ ಮತ್ತ ಜಾತ್ರಿ. ಅದಕ್ಕ ಈ ಭೀಮವ್ವ ಚಿಗವ್ವನ ಕಡೆ ಬಂದೀನಿ."

ಮುಚ್ಚಿಡಬೇಕೆಂದು ಊರು ಬದಲಿಸಿದಷ್ಟೂ ಸುದ್ದಿಯಲ್ಲಿ ಒಂದೊಂದು ಕೂಸು ಹೆಚ್ಚಾಗಿತ್ತು. ಹೊನ್ನೂರಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಚೋರನೂರಿನ ಕತೆ ಹೇಳಿದಳು. ಗಂಗಾ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಅವಳ ಮುಂದೆ ಸುರಿದಳು. ಮೊದಲ ಮೂರು ತಿಂಗಳ ಫೋಲಿಕ್ ಆಮ್ಲದ ಸಣ್ಣ ಗುಳಿಗೆ, ಆಮೇಲಿನ ಕೆಂಪು ಗುಳಿಗೆ, ಎಲ್ಲ ಹಾಗೇ ಇದ್ದವು.

"ಒಂದೂ ತಿಂದಿಲ್ರಿ. ಕೂಸು ಕಪ್ಪಾಗತೈತಿ ಅಂತ ಬಿಟ್ಟೆ. ತಿಂದಿಲ್ಲ ಅಂತ ಹಿಂಗಾತೇನ್ರಿ, ಅಕ್ಕಾರ?"

ಹೊನ್ನೂರಮ್ಮ ಪಟ್ಟಿಗಳನ್ನು ನೋಡಿದಳು. ಹೌದು ಎಂದುಬಿಟ್ಟರೆ ಸಾಕು. ಈ ಚೀಲವನ್ನು ಚೋರನೂರಿಗೆ ಒಯ್ದು, ಗುಳಿಗೆ ತಿನ್ನದವಳ ಕೂಸು ನೋಡ್ರಿ ಎಂದರೆ, ಸಂಜೆಯೊಳಗೆ ಜಂಬಕ್ಕನೇ ಸೊಸೆಯ ಬಾಯಿಗೆ ಹಾಕುತ್ತಾಳೆ. ರಮಾ ಉಳಿಯುತ್ತಾಳೆ. ಆದರೆ ಗಂಗಾಳ ಮೇಲಿನ ದೂರಿನಲ್ಲಿ ಈಳಿಗೆಯ ಜಾಗದಲ್ಲಿ ಗುಳಿಗೆ ಕೂರುತ್ತದೆ, ಅವಳು ಮುದುಕಿಯಾಗುವ ತನಕ.

"ಗೊತ್ತಿಲ್ಲವ್ವ," ಎಂದಳು. "ಸಣ್ಣ ಗುಳಿಗಿ ಸ್ವಲ್ಪ ತಡೀಬಹುದು ಅಂತ ಕೆಲವು ಡಾಕ್ಟರು ಅಂತಾರ, ಖಾತ್ರಿ ಇಲ್ಲ. ತಿಂದೋರಿಗೂ ಹಿಂಗ ಹುಟ್ಯಾವ, ತಿನ್ನದೋರಿಗೆ ಚಂದನೂ ಹುಟ್ಯಾವ. ಎಂಟುನೂರಕ್ಕ ಒಂದು. ನಿನ್ನ ತಪ್ಪಿಂದ ಆತು ಅಂತ ಯಾರೂ ಹೇಳಾಕ ಬರಂಗಿಲ್ಲ. ಕೂಸು ಐದು ಕಿಲೊ ಆಗಲಿ, ತುಟಿ ಆಪರೇಷನ್ ಮಾಡ್ತಾರ. ಕಾರ್ಡ್ ಕೊಡು, ಈ ಊರ ಆಶಾಗೆ ಹೇಳತೀನಿ."

"ಗುಳಿಗಿ ಮಾತು ಯಾರ ಮುಂದೂ ಹೇಳಬ್ಯಾಡ್ರಿ."

"ಇಲ್ಲ."

ಭೀಮವ್ವ ಫೋನಿನ ಜತೆ ಎರಡು ರೊಟ್ಟಿ ಕಟ್ಟಿಕೊಟ್ಟಳು. ಕೊಡುವ ಮೊದಲು ಗ್ಯಾಲರಿ ತೆಗೆಸಿ ನೋಡಿದಳು.

ಮರುದಿನ ಜಂಬಕ್ಕ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಹೊನ್ನೂರಮ್ಮ ಕುಳಿತಳು.

"ಮೂರಲ್ಲ ಅಕ್ಕಾ, ಒಂದು."

"ನಿಮ್ಮ ಇಲಾಖೆಯೋರು ಹಂಗ ಹೇಳಂತ ಕಳಿಸ್ಯಾರೇನು?"

"ನನ್ನ ಮಾತು ಬ್ಯಾಡ. ವಿರುಪಮ್ಮಕ್ಕಗ ನೀವ ಫೋನ್ ಹಚ್ಚಿರಿ. ಕೂಸಿನ ಅವ್ವನ ಹೆಸರೇನು, ತವರು ಯಾವೂರು, ಈಗ ಎಲ್ಲಿ ಹೋಗ್ಯಾಳ, ಇಷ್ಟ ಕೇಳ್ರಿ."

ಜಂಬಕ್ಕ ಅವಳ ಮುಖ ನೋಡುತ್ತಲೇ ಫೋನ್ ಹಚ್ಚಿದಳು. ವಿರುಪಮ್ಮನ ದನಿ ಫೋನಿನ ಹೊರಗೂ ಕೇಳಿತು. "ಗಂಗಾ ಅಂತ. ದರೋಜಿ ಮಾರೆಪ್ಪನ ಮಗಳು. ಕಡ್ಡಿರಾಂಪುರಕ್ಕ ಚಿಗವ್ವನ ಮನಿಗೆ ಹೋದಳಂತ. ಯಾಕ?"

ಜಂಬಕ್ಕ ಫೋನ್ ಇಟ್ಟಳು. ಮೂರು ಶೇಂಗಾಕಾಯಿ ಸುಲಿದು ಕಾಳನ್ನು ಪುಟ್ಟಿಗೆ ಹಾಕಿದಳು.

"ಆಕಿ ಗುಳಿಗಿ ತಿಂದಿದ್ದಳೋ ಇಲ್ಲೋ?"

"ಅದು ಆಕಿ ಮನಿ ಮಾತು, ಅಕ್ಕಾ. ತುಟಿ ಸೀಳಿದ್ದು ಕೆಂಪು ಗುಳಿಗಿಯಿಂದ ಅಲ್ಲ. ಅದಕ್ಕ ಆಣಿ ಮಾಡ್ತೀನಿ."

"ಏನೋ ಮುಚ್ಚಿಡಾಕತ್ತೀ."

"ಹೌದು," ಎಂದಳು ಹೊನ್ನೂರಮ್ಮ. "ನಾಳೆ ನಿಮ್ಮನಿ ಮಾತೂ ಹಿಂಗ ಮುಚ್ಚಿಡ್ತೀನಿ."

ಬಾಗಿಲಲ್ಲಿದ್ದ ರಮಾ ಮೊದಲ ಸಲ ಬಾಯಿ ತೆರೆದಳು. "ಆ ಕೂಸು ಹಾಲು ಹೆಂಗ ಕುಡಿತೈತ್ರಿ?"

"ಚಮಚದಾಗ. ಭಾಳ ಹೊತ್ತು ಹಿಡಿತೈತಿ. ಆಕಿ ಬ್ಯಾಸರ ಮಾಡಂಗಿಲ್ಲ."

ರಮಾ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಹೊನ್ನೂರಮ್ಮ ಚೀಲದಿಂದ ಪಟ್ಟಿ ತೆಗೆಯುವಷ್ಟರಲ್ಲಿ ಜಂಬಕ್ಕ ಕೈ ಚಾಚಿದಳು. ಈ ಸಲ ಕೈಯಿಂದ ಕೈಗೇ ತೆಗೆದುಕೊಂಡಳು. ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ಮೂಸಿ, ಒಂದು ಗುಳಿಗೆ ಒಡೆದು ತೆಗೆದಳು.

"ಬರಿ ಹೊಟ್ಟಿಗೆ ಬ್ಯಾಡ, ಊಟ ಆಗಲಿ," ಎಂದಳು ಸೊಸೆಗೆ. ಆಮೇಲೆ ಹೊನ್ನೂರಮ್ಮನ ಕಡೆ ತಿರುಗಿದಳು. "ನೀನೂ ಉಂಡು ಹೋಗು. ಆಕಿ ನುಂಗೋದನ್ನ ನೀ ನೋಡು. ನುಂಗಿದ ಮ್ಯಾಲೆ ನಿನ್ನ ಮುಖ ಹೆಂಗಿರತೈತಿ, ನಾ ನೋಡಬೇಕು."

ಹೊನ್ನೂರಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು.