ಬೀರುವಿನೊಳಗೆ ಬೆವರಿದ ಲ್ಯಾಪ್‌ಟಾಪ್

ಅಳಿಯ ಕೊಟ್ಟ ಲ್ಯಾಪ್‌ಟಾಪ್ ಗುಂಯ್ ಅನ್ನುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪ್ಲಾಟ್‌ಫಾರ್ಮಮ್ಮ ಅಳಿಯನ ಎದುರು ಹಾಗೆಲ್ಲ ಮಾತಾಡುವವಳಲ್ಲ. ಮಗಳಿಗಾದರೆ ಬೆಳಗಿನಿಂದ ಸಂಜೆಯವರೆಗೆ ಪುಕ್ಕಟೆ ಬೈಗುಳ. ಅಳಿಯ ಬಂದರೆ ಮಾತ್ರ ದನಿಗೆ ಇಸ್ತ್ರಿ ಬಿದ್ದುಬಿಡುತ್ತಿತ್ತು. ಬನ್ನಿ, ಕೂತ್ಕೊಳ್ಳಿ, ಬಿಸಿಲಲ್ಲಿ ಬಂದ್ರೇನೋ ಅನ್ನುವಳು. ಮದುವೆಯಾದಾಗಿನಿಂದ ಇದೇ ರಾಗ.

ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನೂ ಹೋಗುವುದನ್ನೂ ಮೈಕಿನಲ್ಲಿ ಹೇಳುವುದು ಅವಳ ಕೆಲಸವಾಗಿತ್ತು. ಹೆಸರು ಬಂದದ್ದೂ ಹಾಗೆಯೇ. ಗಾಡಿ ತಡವೆಂದು ಅವಳು ಹೇಳಿದರೆ ಜನಕ್ಕೆ ಸಿಟ್ಟೂ ಬರುತ್ತಿರಲಿಲ್ಲ, ಅಂಥ ದನಿ. ಆಮೇಲೆ ನಿಲ್ದಾಣಕ್ಕೆ ಯಂತ್ರದ ದನಿ ಬಂತು, ಇವಳು ಮನೆಗೆ ಬಂದಳು. ಮನೆಯಲ್ಲಿ ಕೇಳುವವರು ಯಾರು? ಕುಕ್ಕರಿಗೆ, ಕಿಟಕಿಯ ಪಾರಿವಾಳಕ್ಕೆ ಎಷ್ಟೆಂದು ಹೇಳುವುದು? ದನಿಗೆ ಕೆಲಸವಿಲ್ಲದೆ ಅವಳಿಗೆ ಊಟವೇ ಸೇರದಂತಾಗಿತ್ತು.

ಅಷ್ಟರಲ್ಲಿ ಮಕ್ಕಳ ಪುಸ್ತಕ ಮಾಡುವ ಒಂದು ಪ್ರಕಾಶನದವರು, ಕತೆಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುವವರು ಬೇಕೆಂದರು. ಪ್ಲಾಟ್‌ಫಾರ್ಮಮ್ಮ ಅವರು ಕೊಟ್ಟ ಕರಡಿಯ ಕತೆಯೊಂದನ್ನು ಮಾದರಿಗೆಂದು ಓದಿ ಕಳಿಸಿದಳು. ದನಿ ಚೆನ್ನಾಗಿದೆ, ಆದರೆ ಹಿಂದೆ ಹಿಟ್ಟಿನ ಗಿರಣಿ ಓಡುತ್ತಿದೆಯೇ ಎಂದು ಅಲ್ಲಿನ ಸಂಪಾದಕಿ ಕೇಳಿದರು. ಸದ್ದಿಲ್ಲದೆ ಇನ್ನೊಮ್ಮೆ ಓದಿ ಈ ಸಂಜೆಯೊಳಗೆ ಕಳಿಸಿದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದೂ ಬರೆದರು.

ಗಿರಣಿ ಎಂದರೆ ಲ್ಯಾಪ್‌ಟಾಪಿನ ಫ್ಯಾನು. ಅಳಿಯನಿಗೆ ಪೇಟೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಅವನ ಕೈಯಿಂದ ಹೋದ ಯಂತ್ರ ತೆವಳಿದ್ದೇ ಇಲ್ಲ ಎಂಬುದು ಅವನ ಹೆಮ್ಮೆ. ಅತ್ತೆಗೆ ಕೊಡುವಾಗಲಂತೂ ವೇಗವನ್ನು ಕೊನೆಯ ಮಟ್ಟಕ್ಕೇ ಏರಿಸಿಟ್ಟಿದ್ದ. ಹಾಗಾಗಿ ಅದು ಸುಮ್ಮನೆ ಕೂತಿದ್ದಾಗಲೂ ಬಿಸಿಯಾಗಿ ಭೋರಿಡುತ್ತಿತ್ತು.

"ಅವ್ರಿಗೆ ಹೇಳಮ್ಮ," ಎಂದಳು ಮಗಳು ಫೋನಿನಲ್ಲಿ. ಅವಳು ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ನಯನಾಜೂಕಿಗೆಲ್ಲ ಪುರುಸೊತ್ತಿಲ್ಲ. "ಅವ್ರೇನು ಗಾಜಿನ ಲೋಟಾನಾ, ಒಂದು ಮಾತಿಗೆ ಒಡ್ದೋಗೋಕೆ?"

"ಅಷ್ಟು ಆಸೆಯಿಂದ ಕೊಟ್ಟಿದ್ದಾರೆ ಕಣೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸ್ತಾರಾ?"

ಹಲ್ಲು ಎಣಿಸಲಿಲ್ಲ, ಎಮ್ಮೆಯನ್ನೇ ಕೂಡಿಹಾಕಿದಳು. ಲ್ಯಾಪ್‌ಟಾಪಿಗೆ ಕೆಂಪು ಉಣ್ಣೆ ಕಂಬಳಿ ಸುತ್ತಿ, ಬಟ್ಟೆಯ ಬೀರುವಿನೊಳಗಿಟ್ಟು, ಮೈಕಿನ ತಂತಿಯನ್ನಷ್ಟೇ ಹೊರಗೆಳೆದು ಬಾಗಿಲು ಹಾಕಿದಳು. ಆಹಾ, ಎಂಥ ಮೌನ! ಕರಡಿಯ ಕತೆಯನ್ನು ಗಂಟಲು ತುಂಬಿ ಓದಿದಳು. ಮುಗಿಸಿ ಕೇಳಿದರೆ ಮೊದಲ ಪುಟ ಸರಿಯಾಗಿಯೇ ಇತ್ತು. ಆಮೇಲೆ ಕರಡಿಗೆ ಬಿಕ್ಕಳಿಕೆ ಹಿಡಿದಿತ್ತು. ಅರ್ಧ ಮಾತು ಬಂದರೆ ಅರ್ಧ ಮಾಯ. ಮತ್ತೆ ಓದಿದಳು. ಈ ಸಲ ಯಂತ್ರವೇ ಕಣ್ಣುಮುಚ್ಚಿತು. ಮುಟ್ಟಿದರೆ ಕಾವಲಿಯಂತೆ ಸುಡುತ್ತಿತ್ತು.

ಬೇರೆ ದಾರಿಯಿಲ್ಲದೆ ಅಳಿಯನಿಗೆ ಫೋನು ಹೋಯಿತು. ಅವನು ಸ್ಕ್ರೂಡ್ರೈವರ್ ಚೀಲದ ಸಮೇತ ಓಡಿಬಂದು ಹಿಂಬದಿ ಬಿಚ್ಚಿದ. ಫ್ಯಾನು ಸರಿಯಿತ್ತು. ಧೂಳೂ ಇರಲಿಲ್ಲ.

"ಎಲ್ಲಿಟ್ಕೊಂಡು ಓದಿದ್ರಿ ಅತ್ತೆ?"

"ಇಲ್ಲೇ, ಮೇಜಿನ ಮೇಲೆ."

ಅವನು ಚಿಮುಟ ತೂರಿಸಿ ಗಾಳಿಕಿಂಡಿಯಿಂದ ಕೆಂಪು ಎಳೆಯೊಂದನ್ನು ಎಳೆದ. ಎಳೆದಷ್ಟೂ ಅದು ಬರುತ್ತಲೇ ಇತ್ತು. "ಮೇಜಿಗೆ ಉಣ್ಣೆ ಬೆಳೆದಿದ್ಯಾ?" ಎಂದ.

ಪ್ಲಾಟ್‌ಫಾರ್ಮಮ್ಮನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತುತ್ತಿತ್ತು. ಕೆಲಸ ಕೈತಪ್ಪುತ್ತದೆಂಬ ಭಯವೇ ಕೊನೆಗೆ ಬಾಯಿ ಬಿಡಿಸಿತು. "ತಪ್ಪು ತಿಳ್ಕೋಬೇಡಿ. ನೀವು ಕೊಟ್ಟಿದ್ದು ಒಳ್ಳೇದೇ. ಆದ್ರೆ ಕೂಗುತ್ತೆ. ಅದಕ್ಕೇ ಬೀರುವಲ್ಲಿಟ್ಟೆ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಳಿಯ ತಲೆ ಕೆರೆದುಕೊಂಡ. "ಇದರ ಹಣೆಬರಹ ಇಷ್ಟೇ ಅತ್ತೆ. ಒಳಗಿನ ಚಿಪ್ ಎಷ್ಟು ದುಡಿಯುತ್ತೋ ಅಷ್ಟು ಕಾಯುತ್ತೆ. ಕಾವನ್ನ ಈ ತಾಮ್ರದ ಕೊಳವೆ ಅಂಚಿಗೆ ತರುತ್ತೆ, ಫ್ಯಾನು ಹೊರಗೆ ಊದುತ್ತೆ. ನೀವು ಕಂಬಳಿ ಹೊದಿಸಿದ್ರಿ, ಊದೋಕೆ ದಾರಿ ಇಲ್ಲ. ಸುಟ್ಟುಹೋಗಬಾರದು ಅಂತ ಚಿಪ್ ತಾನೇ ನಿಧಾನ ಆಯ್ತು, ಅದಕ್ಕೇ ಮಾತು ತುಂಡಾಯ್ತು. ಅದೂ ಸಾಲದೇ ಹೋದಾಗ ಆಫ್ ಆಯ್ತು."

"ಸದ್ದೂ ಇರಬಾರ್ದು, ಬಿಸಿನೂ ಆಗಬಾರ್ದು. ಏನ್ಮಾಡ್ಬೇಕು?"

"ವೇಗ ಇಳಿಸಬೇಕು." ಸ್ವಂತ ಮೀಸೆ ಬೋಳಿಸಿಕೊಳ್ಳಬೇಕು ಎಂಬಂತೆ ಹೇಳಿದ. "ಇಷ್ಟು ತೆಳ್ಳಗಿನ ಡಬ್ಬದಲ್ಲಿ ಮೂರೂ ಒಟ್ಟಿಗೆ ಸಿಗಲ್ಲ."

"ನಾನು ಓದೋದು ಕತೆ. ಕತೆಗೆ ಯಾಕೆ ಅಷ್ಟೊಂದು ಆತುರ?"

ಅಳಿಯ ಮುಖ ಹುಳ್ಳಗೆ ಮಾಡಿಕೊಂಡು ವೇಗ ತಗ್ಗಿಸಿದ. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಕೋಣೆಯಲ್ಲಿ ಗಡಿಯಾರ ಇದೆಯೆಂಬುದು ಆಗ ಇಬ್ಬರಿಗೂ ಗೊತ್ತಾಯಿತು. ಅದರ ಬ್ಯಾಟರಿಯನ್ನೂ ತೆಗೆದಿಟ್ಟರು.

ಪ್ಲಾಟ್‌ಫಾರ್ಮಮ್ಮ ಓದತೊಡಗಿದಳು. ಅಳಿಯ ನೆಲದ ಮೇಲೆ ಕೂತು ಪರದೆಯ ಮೂಲೆಯಲ್ಲಿ ಕಾವಿನ ಅಂಕಿ ಇಳಿಯುವುದನ್ನು ನೋಡುತ್ತಿದ್ದ. ಎಲ್ಲ ತಣ್ಣಗಿತ್ತು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಇಷ್ಟು ತಣ್ಣಗಿರುವಾಗ ಒಂಚೂರು ಏರಿಸಿದರೆ ಏನಾದೀತು, ಅತ್ತೆಯ ಯಂತ್ರ ಆಮೆಯಂತಿರಬೇಕೇ? ಮೆಲ್ಲಗೆ ಕೈ ಚಾಚಿ ಏರಿಸಿದ. ಫ್ಯಾನು ಗುರ್ ಎಂದು ಉಸಿರೆಳೆಯಿತು.

ಕರಡಿಯ ಮಾತು ನಡೆಯುತ್ತಿದ್ದ ಹೊತ್ತು ಅದು. ಮೂಗಿನವರೆಗೆ ಬಂದಿದ್ದ ಸಿಟ್ಟು ಕರಡಿಯ ಗಂಟಲಿನಲ್ಲೇ ಹೊರಬಿತ್ತು. "ಏಯ್, ಕೈ ತೆಗಿಯೋ! ಇನ್ನೊಂದ್ಸಲ ಮುಟ್ಟಿದ್ರೆ ಬೆರಳು ಕಡಿದು ಹಾಕ್ತೀನಿ!"

ಅಳಿಯ ಕೈ ತೆಗೆದ. ಬೇಗಬೇಗ ವೇಗ ಇಳಿಸಿ, ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕೂತ. ಪ್ಲಾಟ್‌ಫಾರ್ಮಮ್ಮನಿಗೆ ಕತೆ ನಿಲ್ಲಿಸಲು ಹೊತ್ತಿರಲಿಲ್ಲ. ಕೊನೆಯ ಸಾಲಿನವರೆಗೂ ಓದಿದಳು.

ಆದರೆ ಓದಿದ್ದನ್ನು ಕಳಿಸುವ ಕಡತವಾಗಿ ಮಾಡಲು ಹೊರಟರೆ ತಣ್ಣಗಿನ ಯಂತ್ರ ನಿಜಕ್ಕೂ ಆಮೆಯಾಯಿತು. ಗೋಡೆಯ ಬಿಸಿಲು ಸೂರು ಮುಟ್ಟಿತ್ತು. ಅಳಿಯ ಅವಳ ಮುಖ ನೋಡಿದನೇ ಹೊರತು ಕೈ ಮುಂದೆ ಮಾಡಲಿಲ್ಲ.

"ಈಗ ಏರ್ಸಿ," ಎಂದಳು. "ಈಗ ಎಷ್ಟಾದ್ರೂ ಕೂಗ್ಲಿ."

ಫ್ಯಾನು ಮನಸಾರೆ ಕೂಗಿತು. ಕಡತ ತಯಾರಾಯಿತು, ಕತ್ತಲಾಗುವ ಮೊದಲೇ ಹೊರಟೂ ಹೋಯಿತು. ಆ ಬೈಗುಳವನ್ನು ಅವನು ಕತ್ತರಿಸಿರುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಹೇಳದೆ ಏನನ್ನೂ ಮುಟ್ಟಬಾರದೆಂದು ಅವನು ಅಂದುಕೊಂಡಿದ್ದ. ಚಹಾ ಕೊಡುತ್ತ ಅವಳು ಆ ಮಾತೆತ್ತಿದಾಗ ವಿಷಯ ಬಯಲಾಗಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಪ್ಲಾಟ್‌ಫಾರ್ಮಮ್ಮ ಕುರ್ಚಿಯಲ್ಲಿ ಕುಸಿದಳು. ಕೆಲಸವೂ ಹೋಯಿತು, ಅಳಿಯನ ಮುಂದೆ ಮಾನವೂ ಹೋಯಿತು.

ಚಹಾ ಮುಗಿಯುವಷ್ಟರಲ್ಲಿ ಸಂಪಾದಕಿಯ ಉತ್ತರ ಬಂತು. ಓದುವ ಧೈರ್ಯ ಅವಳಿಗಾಗಲಿಲ್ಲ, ಅಳಿಯನೇ ಓದಿದ. "ಸದ್ದಿಲ್ಲ, ತುಂಬ ಶುಚಿಯಾಗಿದೆ. ನಾವು ಕೊಟ್ಟ ಕತೆಯಲ್ಲಿ ಕರಡಿ ಬೆರಳು ಕಡಿಯುವ ಮಾತಿಲ್ಲ. ಆದರೆ ಕತೆ ಬರೆದವರಿಗೆ ಆ ಮಾತೇ ಎಲ್ಲಕ್ಕಿಂತ ಹಿಡಿಸಿದೆ, ಇರಲಿ ಎನ್ನುತ್ತಿದ್ದಾರೆ. ಉಳಿದ ಕತೆಗಳನ್ನೂ ನೀವೇ ಓದಿಕೊಡಿ."

ಪ್ಲಾಟ್‌ಫಾರ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅಳಿಯ ಮಾತ್ರ ನಗದೆ ಚಹಾದ ಲೋಟವನ್ನೇ ನೋಡುತ್ತಿದ್ದ.

"ಬೇಜಾರಾಯ್ತಾ?" ಎಂದು ಹೆದರುತ್ತಲೇ ಕೇಳಿದಳು. "ಬಾಯಿ ತಪ್ಪಿ ಬಂದ್ಬಿಡ್ತು, ಅಳಿಯಂದ್ರೇ."

"ಬೇಜಾರಲ್ಲ ಅತ್ತೆ. ಇಷ್ಟು ವರ್ಷ ನಿಮ್ಮ ಮಗಳನ್ನ ದಿನಾ ಬೈತಿದ್ರಿ. ನನ್ನನ್ನ ಒಂದು ದಿನಕ್ಕೂ ಬೈದಿರ್ಲಿಲ್ಲ. ನಾನಿನ್ನೂ ಈ ಮನೆಗೆ ನೆಂಟ ಅಂತಾನೇ ಅಂದ್ಕೊಂಡಿದ್ದೆ."

ಪ್ಲಾಟ್‌ಫಾರ್ಮಮ್ಮ ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ, "ಅಲ್ಲೇ ಕೂತಿದ್ರೆ ಹೇಗೋ? ಎದ್ದು ಬಂದು ಪಾತ್ರೆ ತೊಳಿ," ಎಂದಳು.

ಅವನು ಎದ್ದ.